ಮಗುವನ್ನು ಎಲ್ಲಿ ಬಿಟ್ಟಿರಿ?

ಮೈಸೂರಿನಿಂದ ಹುಣಸೂರಿನ ಹೆದ್ದಾರಿ ಹಿಡಿದು ಹೊರಟ ಬಹುಮಂದಿಗೆ ಬಿಳಿಕೆರೆ ಎಂಬುದು ಒಂದು ತಿರುವಿನ ಹೆಸರು. ಕೊಡಗಿನ ಕಡೆಯವರು ನೆಟ್ಟಗೆ ಹೋಗುತ್ತಾರೆ. ಕೃಷ್ಣರಾಜನಗರ, ಹೊಳೆನರಸೀಪುರ, ಹಾಸನ, ಬೇಲೂರುಗಳ ಕಡೆಯವರು ಬಲಕ್ಕೆ ಹೊರಳುತ್ತಾರೆ. ಬಸ್ಸು ನಿಂತಾಗ ಕಿಟಕಿಯಿಂದ ಕೈಚಾಚಿ ಸೌತೆಕಾಯಿ ಕೊಂಡವರು ಬೇಕಾದಷ್ಟು ಮಂದಿ. ಇಳಿದು ಊರೊಳಗೆ ನಾಲ್ಕು ಹೆಜ್ಜೆ ಇಟ್ಟವರು ವಿರಳ. ನನಗೆ ಮಾತ್ರ ಅದು ಅಮ್ಮನ ಮನೆಯಿರುವ ಊರು. ಬೆಂಗಳೂರಿನ ಕಾಲೇಜಿನಲ್ಲಿ ಪಂಪ ರನ್ನರ ಪಾಠ ಹೇಳುತ್ತ ವರ್ಷವನ್ನು ತಳ್ಳಿ, ದಸರೆಗೊಮ್ಮೆ ಬೇಸಗೆಗೊಮ್ಮೆ ಸಂಸಾರಸಮೇತ ಅಲ್ಲಿಗೆ ಹೋಗಿ ಇಳಿಯುವುದು ನಮ್ಮ ವಾಡಿಕೆ.

ಆ ಸೀಮೆಯನ್ನು ದಸರೆಯ ರಜದಲ್ಲಿಯೇ ನೋಡಬೇಕು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳು ಹೊಗೆಸೊಪ್ಪಿನ ನಾಡು. ಮುಂಗಾರಿನ ಮೊದಲ ಮಳೆಗೆ ನೆಟ್ಟ ವರ್ಜೀನಿಯಾ ಗಿಡದ ಎಲೆಗಳನ್ನು ಕೆಳಗಿನಿಂದ ಮೊದಲುಗೊಂಡು ಮೇಲಮೇಲಕ್ಕೆ ಮುರಿಯುವ ಕೆಲಸ ಆ ಹೊತ್ತಿಗೆ ಭರದಿಂದ ನಡೆದಿರುತ್ತದೆ. ಹೊಲದ ಬದಿಯಲ್ಲಿ ಎತ್ತರವಾದ, ಮಂಕುಗೋಡೆಯ ಒಂದೊಂದು ಕಟ್ಟಡ. ಊರವರು ಅದನ್ನು ಬ್ಯಾರನ್ ಎಂದೇ ಕರೆಯುತ್ತಾರೆ. ಸೌದೆಯ ಉರಿಯಿಂದ ಕಾದ ಕೊಳವೆಗಳ ಶಾಖಕ್ಕೆ ಹಸುರೆಲೆ ಕೆಲವೇ ದಿನಗಳಲ್ಲಿ ಹೊಂಬಣ್ಣಕ್ಕೆ ತಿರುಗುತ್ತದೆ. ಬ್ಯಾರನ್ನಿನ ಮುಂದಣ ನೆರಳಿನಲ್ಲಿ ಹೆಂಗಸರು ಸಾಲಾಗಿ ಕುಳಿತು ಎಲೆಗಳನ್ನು ಕೋಲಿಗೆ ಕಟ್ಟುತ್ತಾರೆ. ಅವರ ಬೆರಳುಗಳ ಓಟವನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದು ತಿಳಿಯದು. ಪಕ್ಕದ ಹೊಂಗೆಯ ಕೊಂಬೆಗೆ ಹಳೆಯ ಸೀರೆಯ ಜೋಲಿ ಇಳಿಬಿದ್ದಿರುತ್ತದೆ. ಅದರೊಳಗೆ ಒಂದು ಕೂಸು. ಅತ್ತಾಗ ಯಾರಾದರೊಬ್ಬರು ಕಾಲಿನಿಂದಲೇ ಒಮ್ಮೆ ತೂಗಿ ಕೈಯ ಕೆಲಸವನ್ನು ಮುಂದುವರಿಸುತ್ತಾರೆ. ಈ ಜೋಲಿಯನ್ನು ಓದುಗರು ನೆನಪಿನಲ್ಲಿಟ್ಟಿರಬೇಕು. ಈಗ ನಮ್ಮ ಪ್ರವಾಸದ ಕಡೆಗೆ ಬರೋಣ.

ನನ್ನ ಹೆಂಡತಿ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದಾಳೆ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಮೂರು. ಈ ಸಲದ ದಸರೆಯಲ್ಲಿ ಜಂಬೂ ಸವಾರಿಯ ನೂಕುನುಗ್ಗಲು ಬೇಡ, ಥೀಮ್ ಪಾರ್ಕು ಬೇಕು ಎಂದು ಮಗಳು ಹಟ ಹಿಡಿದಳು. ಥೀಮ್ ಪಾರ್ಕಿಗೆ ಕನ್ನಡದಲ್ಲಿ ಏನೆನ್ನಬೇಕೆಂದು ಕನ್ನಡ ಅಧ್ಯಾಪಕನಾದ ನಾನು ಒಂದು ಸಂಜೆ ಯೋಚಿಸಿ 'ವಿನೋದೋದ್ಯಾನ' ಎಂದು ಹೇಳಿದೆ. ಅದನ್ನು ಉಚ್ಚರಿಸಿ ಮುಗಿಸುವಷ್ಟರಲ್ಲಿ ಸಂಜೆಯಾಗಿ ಬಾಗಿಲು ಹಾಕಿಬಿಡುತ್ತಾರೆ ಎಂದಳು ಮಗಳು. ಆದ್ದರಿಂದ ಪಾರ್ಕು ಎಂದೇ ಇರಲಿ. ಬಿಳಿಕೆರೆಯಿಂದ ಮೈಸೂರಿನ ಕಡೆಗೆ ಹೋದರೆ ಇಲವಾಲ. ಅಲ್ಲಿಂದ ಮುಂದೆ ನಗರದ ಅಂಚಿನಲ್ಲಿ, ಮೇಟಗಳ್ಳಿಯ ಬಳಿ ಕೆ.ಆರ್.ಎಸ್. ರಸ್ತೆಯಲ್ಲಿ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್ ಇದೆ. ಹತ್ತಿರದಲ್ಲಿಯೇ ಎರಡು ರಾತ್ರಿ ತಂಗುವುದೆಂದೂ, ಒಂದು ಹಗಲು ಪಾರ್ಕಿನಲ್ಲಿ ಕಳೆಯುವುದೆಂದೂ ನಿಶ್ಚಯವಾಯಿತು.

ಇಂಥ ಪಾರ್ಕುಗಳ ವ್ಯವಹಾರವನ್ನು ಬಲ್ಲವರಿಗೆ ಅಲ್ಲಿನ ಒಂದು ಗಣಿತ ಗೊತ್ತಿರುತ್ತದೆ. ದೊಡ್ಡ ಆಟಗಳ ಬಾಗಿಲಿನಲ್ಲಿ ಒಂದು ಅಳತೆಯ ಹಲಗೆ. ಅದಕ್ಕಿಂತ ಗಿಡ್ಡನಾದವನಿಗೆ ಪ್ರವೇಶವಿಲ್ಲ. ನಿಯಮ ನ್ಯಾಯವಾದುದೇ. ಬೀಗುವ ಪಟ್ಟಿ ಮಗುವಿನ ಮೈಗೆ ಸಡಿಲವಾದರೆ ಆಟ ಆಟವಾಗಿ ಉಳಿಯುವುದಿಲ್ಲ. ಆದರೆ ಅದರ ಫಲವೇನು? ಮೂರು ವರ್ಷದ ಮಗುವೊಂದಿದ್ದರೆ ದೊಡ್ಡವರಲ್ಲಿ ಒಬ್ಬರು ದಿನವೆಲ್ಲ ಬೆಂಚಿನ ಮೇಲೆ ಕುಳಿತಿರಬೇಕು. ತೊಡೆಯ ಮೇಲೆ ಮಗು, ಒಂದು ಪಕ್ಕದಲ್ಲಿ ಒದ್ದೆ ಬಟ್ಟೆಯ ಚೀಲ, ಮತ್ತೊಂದು ಪಕ್ಕದಲ್ಲಿ ಎಲ್ಲರ ಚಪ್ಪಲಿ. ಆ ಒಬ್ಬರು ಯಾರಾಗಿರುತ್ತಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದೆ ಇಂಥದೇ ಒಂದು ಪ್ರವಾಸದಲ್ಲಿ, ಮಗಳು ಎಳೆಯವಳಾಗಿದ್ದಾಗ, ನನ್ನ ಹೆಂಡತಿ ಐದು ಗಂಟೆಗಳ ಕಾಲ ಹೀಗೆ ಕುಳಿತಿದ್ದು, ಊರಿಗೆ ಮರಳಿದ ಮೇಲೆ ಸ್ನೇಹಿತೆಯರು "ಹೇಗಿತ್ತು?" ಎಂದು ಕೇಳಿದ್ದಕ್ಕೆ "ಬೆಂಚು ಚೆನ್ನಾಗಿತ್ತು" ಎಂದಿದ್ದಳು.

ಬೆಂಚಿನ ಈ ಸಮಸ್ಯೆ ಹಳೆಯದು. 1893ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಮಹಾ ವಸ್ತುಪ್ರದರ್ಶನ ನಡೆದಾಗ (ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ಅದರ ಅಂಗವಾಗಿಯೇ ನಡೆದದ್ದು) ಮಕ್ಕಳಿಗಾಗಿಯೇ ಒಂದು ಕಟ್ಟಡವನ್ನು ಎತ್ತಿದ್ದರು. ತಾಯಂದಿರು ತಮ್ಮ ಶಿಶುಗಳನ್ನು ಅಲ್ಲಿ ದಾದಿಯರ ವಶಕ್ಕೆ ಒಪ್ಪಿಸಿ ಪ್ರದರ್ಶನವನ್ನು ಕೈಬೀಸಿಕೊಂಡು ನೋಡಿಬರಬಹುದಾಗಿತ್ತು. ಡಿಸ್ನಿಲ್ಯಾಂಡ್ ಕ್ಯಾಲಿಫೋರ್ನಿಯಾದಲ್ಲಿ 1955ರ ಜುಲೈ 17ರಂದು ತೆರೆಯಿತು. ಅದೇ ಸಂಸ್ಥೆಯ ಇನ್ನೂ ದೊಡ್ಡ ಲೋಕ ಫ್ಲಾರಿಡಾದಲ್ಲಿ 1971ರ ಅಕ್ಟೋಬರ್ 1ರಂದು. ಫ್ಲಾರಿಡಾದ ವಸತಿಗೃಹಗಳಲ್ಲಿ ಮಕ್ಕಳ ಮನೆಗಳನ್ನು ನಡೆಸುತ್ತಿದ್ದರು. ಮೂರರಿಂದ ಹನ್ನೆರಡು ವರ್ಷದ ಮಕ್ಕಳನ್ನು ಸಂಜೆಯ ಹೊತ್ತು ಅಲ್ಲಿ ಬಿಟ್ಟರೆ ಊಟ, ಆಟ, ಚಲನಚಿತ್ರಗಳ ಏರ್ಪಾಡಿರುತ್ತಿತ್ತು. ತಂದೆತಾಯಿಗಳು ತಾವಿಬ್ಬರೇ ಊಟಕ್ಕೆ ಹೋಗಬಹುದಾಗಿತ್ತು. 2018ರಲ್ಲಿ ಆ ಏರ್ಪಾಡನ್ನು ನಿಲ್ಲಿಸಿದರು. ಪಾರ್ಕಿನ ಒಳಗೆ ಅವರು ಮಾಡಿಕೊಂಡಿರುವ ಉಪಾಯ ಬೇರೆ: ಒಬ್ಬರು ಮಗುವಿನೊಡನೆ ಹೊರಗೆ ನಿಲ್ಲುವುದು, ಮತ್ತೊಬ್ಬರು ಆಡಿ ಬರುವುದು, ಆಮೇಲೆ ನಿಂತವರು ಮತ್ತೆ ಸರತಿಯ ಬಾಲಕ್ಕೆ ಹೋಗದೆ ನೇರವಾಗಿ ಒಳಕ್ಕೆ ಹೋಗುವುದು. ಸಮಪಾಲು ಆಯಿತೇನೋ ನಿಜ. ಗಂಡಹೆಂಡಿರು ಜೊತೆಯಾಗಿ ಕೂಡುವುದು ಮಾತ್ರ ಆಗಲೂ ಇಲ್ಲ.

ನಮ್ಮ ದೇಶದಲ್ಲಿ ದೆಹಲಿಯ ಅಪ್ಪು ಘರ್ 1984ರಲ್ಲಿಯೂ, ಮುಂಬಯಿಯ ಎಸ್ಸೆಲ್ ವರ್ಲ್ಡ್ 1989ರಲ್ಲಿಯೂ, ಬಿಡದಿಯ ವಂಡರ್‌ಲಾ 2005ರಲ್ಲಿಯೂ ಬಂದವು. ಮೊದಲಿನ ಎರಡು ಈಗ ಮುಚ್ಚಿವೆ. ಆದರೆ ಯಂತ್ರದ ತೊಟ್ಟಿಲುಗಳ ಸುಖ ಮೈಸೂರಿನವರಿಗೆ ಅದಕ್ಕೂ ಬಹಳ ಮೊದಲೇ ಗೊತ್ತಿತ್ತು. ದಸರಾ ವಸ್ತುಪ್ರದರ್ಶನ 1880ರಷ್ಟು ಹಿಂದಿನದು. ನಾನು ಹುಡುಗನಾಗಿದ್ದಾಗ ದೊಡ್ಡಕೆರೆ ಮೈದಾನಕ್ಕೆ ಬಿಳಿಕೆರೆಯಿಂದ ಹದಿನೈದು ಮಂದಿ ಒಟ್ಟಿಗೆ ಹೋಗುತ್ತಿದ್ದೆವು. ಅವರಲ್ಲಿ ಒಬ್ಬ ದೊಡ್ಡಮ್ಮನೋ ಸೋದರತ್ತೆಯೋ ಹುಲ್ಲಿನ ಮೇಲೆ ಜಮಖಾನ ಹಾಸಿ, ಬುತ್ತಿಯ ಗಂಟುಗಳನ್ನೂ ಎಳೆಯ ಮಕ್ಕಳನ್ನೂ ಸುತ್ತ ಇಟ್ಟುಕೊಂಡು ಕುಳಿತುಬಿಡುತ್ತಿದ್ದರು. ಅದೇ ನಮ್ಮ ಶಿಶುವಿಹಾರ. ಇಷ್ಟು ವರ್ಷ ಪ್ರದರ್ಶನಕ್ಕೆ ಹೋಗಿ ಬಂದ ನಮ್ಮ ದೊಡ್ಡಮ್ಮ ಒಮ್ಮೆಯೂ ರಾಟವಾಳ ಹತ್ತಲಿಲ್ಲವೆಂಬುದು ಅವರು ತೀರಿಕೊಂಡ ಮೇಲೆ ಯಾರೋ ಹೇಳಿ ನಮಗೆ ತಿಳಿಯಿತು.

ಚುಂಚನಕಟ್ಟೆಯ ಜಾತ್ರೆಯ ಮಾತು ಬಿಡಿ. ಸಂಕ್ರಾಂತಿಯ ಆಸುಪಾಸಿನಲ್ಲಿ ಕೃಷ್ಣರಾಜನಗರ ತಾಲ್ಲೂಕಿನ ಆ ಹೊಳೆದಂಡೆಯಲ್ಲಿ ದನಗಳ ನಡುವೆ ಕಳೆದುಹೋಗದ ಮಗುವೇ ಇರಲಿಲ್ಲವೆಂದು ಹೇಳಬೇಕು. "ಕೆಂಪು ಅಂಗಿ, ಸೊಂಟಕ್ಕೆ ಉಡಿದಾರ" ಎಂದು ಧ್ವನಿವರ್ಧಕ ಕೂಗಿದಾಗ ಒಟ್ಟಿಗೆ ನಾಲ್ಕೈದು ಮಂದಿ ತಾಯಂದಿರು ಓಡಿಬರುತ್ತಿದ್ದರು.

ಈಗ ನಾವು ಇಳಿದುಕೊಳ್ಳಲಿದ್ದ ವಸತಿಧಾಮ. ಹೆಸರು ಬೇಡ, ಇಲವಾಲದ ಆಚೆ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಹೊಲಗಳ ನಡುವೆ ತೆಂಗಿನ ತೋಪಿನಲ್ಲಿ ಕಟ್ಟಿದ್ದು. ಕೋಣೆಗಳು ಹೆಂಚಿನ ಮನೆಗಳಂತೆ; ಒಂದು ಈಜುಕೊಳ; ಊಟದ ಸಾಲೆ. ಬೆಂಗಳೂರಿನಲ್ಲಿ ಕುಳಿತೇ ಕೋಣೆ ಕಾದಿರಿಸುವಾಗ ಅವರ ಪಟ್ಟಿಯಲ್ಲಿ ಒಂದು ಸಾಲು ನನ್ನ ಹೆಂಡತಿಯ ಕಣ್ಣಿಗೆ ಬಿತ್ತು. ನಾಲ್ಕು ವರ್ಷಕ್ಕೆ ಮೇಲ್ಪಟ್ಟ ಮಕ್ಕಳಿಗೆ ಆಟದ ಕೋಣೆ, ಅದಕ್ಕಿಂತ ಚಿಕ್ಕವರಿಗೆ ಗಂಟೆಯ ಲೆಕ್ಕದಲ್ಲಿ ಆಯಾ. ಗಂಟೆಗೆ 250 ರೂಪಾಯಿ. ಆಕೆ ಆ ಸಾಲನ್ನು ಎರಡು ಸಲ ಓದಿದಳು. ಬ್ಯಾಂಕಿನವರು ಒಂದು ಸಾಲನ್ನು ಎರಡು ಸಲ ಓದಿದರೆಂದರೆ ಅದರಲ್ಲಿ ವಿಷಯವಿದೆ ಎಂದರ್ಥ.

ಬಿಳಿಕೆರೆಯಲ್ಲಿ ಈ ವಿಷಯ ಪ್ರಸ್ತಾಪವಾದಾಗ ಅಮ್ಮ ಹೂವು ಕಟ್ಟುತ್ತಿದ್ದರು. ಕೈ ನಿಂತಿತು.

"ನಾನೇನು ಸತ್ತುಹೋಗಿದೀನಾ, ಮಗೂನ ಕೂಲಿಯವರ ಕೈಗೆ ಕೊಡೋಕೆ?"

"ನೀವು ನೋಡ್ಕೊಳ್ಳೋಲ್ಲ ಅಂತಲ್ಲ ಅತ್ತೆ" ಎಂದಳು ನನ್ನ ಹೆಂಡತಿ. "ಅವನು ನಿಂತಲ್ಲಿ ನಿಲ್ಲೋಲ್ಲ. ಅಲ್ಲಿ ಈಜುಕೊಳ ಬೇರೆ ಇದೆ. ಅವನ ಹಿಂದೆ ಓಡೋಕೆ ನಿಮ್ಮ ಮಂಡಿ ಕೇಳಬೇಕಲ್ಲ."

"ನಿನ್ನ ಗಂಡನ್ನ ಯಾವ ಆಯಾ ಸಾಕಿದ್ದಳು?"

ಇದಕ್ಕೆ ಉತ್ತರವಿರಲಿಲ್ಲ. ಅಮ್ಮನಿಗೆ ಈಗ ಎಪ್ಪತ್ತೊಂದು. ನನ್ನನ್ನೂ ನನ್ನ ತಂಗಿಯನ್ನೂ ಸಾಕಿ, ಆಮೇಲೆ ತಂಗಿಯ ಇಬ್ಬರು ಮಕ್ಕಳನ್ನು ಸಾಕಿ, ನಮ್ಮ ಮಗಳನ್ನು ಎರಡು ವರ್ಷ ಬೆಂಗಳೂರಿಗೇ ಬಂದು ನೋಡಿಕೊಂಡವರು. ತಮ್ಮ ಕೆಲಸವನ್ನು ಗಂಟೆಗೆ 250 ರೂಪಾಯಿಗೆ ಬೇರೊಬ್ಬರಿಗೆ ಕೊಡುತ್ತಾರೆಂದರೆ ಅವರಿಗೆ ಹೇಗಾಗಿರಬೇಕು! ನೋಯುವ ಮಂಡಿಗಿಂತ ಆ ಮಂಡಿಯನ್ನು ಎತ್ತಿ ಆಡಿದ್ದು ಹೆಚ್ಚು ನೋಯಿಸಿತೆಂದು ತೋರುತ್ತದೆ. ರಾತ್ರಿ ಊಟಕ್ಕೆ ಬಡಿಸುವಾಗ ಮಾತಿಲ್ಲ. ಬೆಳಗ್ಗೆ ಕಾಫಿಯ ಲೋಟವನ್ನು ಮುಂದಿಡುತ್ತ ತೀರ್ಪು ಕೊಟ್ಟರು:

"ನಾನೂ ಬರ್ತೀನಿ. ಅವಳು ಮಗೂನ ನೋಡ್ಕೊಳ್ಳಲಿ. ನಾನು ಅವಳನ್ನ ನೋಡ್ಕೋತೀನಿ."

ಅತ್ತೆ ಸೊಸೆಯರಿಬ್ಬರ ಮಾನವೂ ಉಳಿಯುವಂಥ ಇಷ್ಟು ಜಾಣ ರಾಜಿಯನ್ನು ನಾನು ಕಂಡಿಲ್ಲ.

ವಸತಿಧಾಮ ತಲುಪಿದ ಸಂಜೆ ನನ್ನ ಹೆಂಡತಿ ನಡೆಸಿದ ವಿಚಾರಣೆಯನ್ನು ಇಲ್ಲಿ ಸ್ವಲ್ಪ ಹೇಳಿದರೆ ಇಂಥ ಕಡೆ ಹೋಗುವವರಿಗೆ ಉಪಯೋಗವಾದೀತು. ಮಗುವಿನೊಡನೆ ಇರುವ ಆಯಾ ಬೆಳಗಿನಿಂದ ಕೊನೆಯವರೆಗೂ ಒಬ್ಬರೇಯೋ, ನಡುವೆ ಬದಲಾಗುತ್ತಾರೋ? ಒಟ್ಟಿಗೆ ಎಷ್ಟು ಮಕ್ಕಳನ್ನು ಒಬ್ಬರಿಗೆ ವಹಿಸುತ್ತೀರಿ? ಈಜುಕೊಳದ ಬಾಗಿಲಿಗೆ ಬೀಗವುಂಟೇ, ಬೀಗದಕೈ ಯಾರ ಬಳಿ? ನಾವಿಬ್ಬರೂ ಅಲ್ಲದೆ ಬೇರೆ ಯಾರಾದರೂ ಬಂದು ಮಗುವನ್ನು ಕೇಳಿದರೆ ಏನು ಮಾಡುತ್ತೀರಿ? ಮಗುವಿಗೆ ಜ್ವರ ಬಂದರೆ ಮೊದಲು ಯಾರಿಗೆ ತಿಳಿಸುತ್ತೀರಿ? ನಾನಾದರೆ ಕಾಫಿ ಚೆನ್ನಾಗಿದೆಯೇ ಎಂದು ಕೇಳಿ ಸಹಿ ಹಾಕಿಬಿಡುತ್ತಿದ್ದೆ. ಮ್ಯಾನೇಜರು ಯುವಕ, ತಾಳ್ಮೆಯವನು. ಎಲ್ಲಕ್ಕೂ ಉತ್ತರ ಹೇಳಿದ. ಬೀಗದಕೈಯನ್ನು ತಂದು ತೋರಿಸಿಯೂ ಬಿಟ್ಟ. ಮಗುವಿಗೆ ಯಾವ ಮಾತಿನಲ್ಲಿ ನೀರು ಕೇಳುವ ಅಭ್ಯಾಸ, ಯಾವ ಹೊದಿಕೆ ಇಲ್ಲದೆ ನಿದ್ದೆ ಬಾರದು, ಹೆದರಿದಾಗ ಏನು ಮಾಡುತ್ತಾನೆ ಎಂಬುದನ್ನೆಲ್ಲ ಆಕೆ ಒಂದು ಹಾಳೆಯಲ್ಲಿ ಬರೆದುಕೊಟ್ಟಳು. ಒಂದು ಪುಟದ ಆ ಬರಹದಲ್ಲಿ ನನಗೆ ಗೊತ್ತಿಲ್ಲದ ಸಂಗತಿಗಳು ನಾಲ್ಕಿದ್ದವು.

ಮಾರನೆಯ ಬೆಳಗ್ಗೆ ಆಯಾ ಬಂದಳು. ಇಪ್ಪತ್ತೈದು ಇಪ್ಪತ್ತಾರರ ಹೆಣ್ಣುಮಗಳು. ವಸತಿಧಾಮದವರು ಕೊಟ್ಟ ನೀಲಿಯ ಮೇಲಂಗಿ, ಮುಡಿಯಲ್ಲಿ ಒಂದಿಷ್ಟು ಕನಕಾಂಬರ. ನಮ್ಮ ಮಗ ಮೊದಲು ಅಜ್ಜಿಯ ಸೆರಗಿನ ಹಿಂದೆ ಅಡಗಿದ. ಆಕೆ ಅವನನ್ನು ಕರೆಯಲಿಲ್ಲ, ಮುದ್ದಿಸಲೂ ಇಲ್ಲ; ನೆಲದ ಮೇಲೆ ಕುಳಿತು ತೆಂಗಿನ ಗರಿಯ ಒಂದು ಎಳೆಯಿಂದ ಗಿರಿಗಿಟ್ಟಲೆ ಮಾಡತೊಡಗಿದಳು. ಐದು ನಿಮಿಷದಲ್ಲಿ ಅವನು ಆಕೆಯ ಮಗ್ಗುಲಲ್ಲಿದ್ದ. ನಾವು ಹೊರಟದ್ದನ್ನು ತಿರುಗಿಯೂ ನೋಡಲಿಲ್ಲ. ಕಾರಿನಲ್ಲಿ ಕುಳಿತ ನನ್ನ ಹೆಂಡತಿ ಅದಕ್ಕಾಗಿ ಸಂತೋಷಪಟ್ಟಳೋ ದುಃಖಪಟ್ಟಳೋ ತಿಳಿಯಲಿಲ್ಲ; ಇಲವಾಲ ದಾಟುವವರೆಗೆ ಮಾತನಾಡಲಿಲ್ಲ.

ಪಾರ್ಕಿನ ವರ್ಣನೆ ಇಲ್ಲಿ ಅಗತ್ಯವಿಲ್ಲ. ನೀರು, ಚಕ್ರ, ಚೀರಾಟ, ಮತ್ತೆ ನೀರು. ಒಂದು ಎತ್ತರದ ಜಾರುಬಂಡೆಯಿಂದ ನಾವು ಮೂವರೂ ಒಟ್ಟಿಗೆ ಇಳಿದೆವು. ಕೆಳಗೆ ಕೊಳದಲ್ಲಿ ಮುಳುಗಿ ಎದ್ದಾಗ, ತೊಯ್ದ ಕೂದಲನ್ನು ಹಿಂದಕ್ಕೆ ಸರಿಸಿಕೊಳ್ಳುತ್ತ ನನ್ನ ಹೆಂಡತಿ ನಕ್ಕಳು. ಆ ನಗೆಯನ್ನು ನಾನು ಮದುವೆಯಾದ ಹೊಸದರಲ್ಲಿ ಕೇಳಿದ್ದೆ. ಮಗಳು ಬೆರಗಾಗಿ ನನ್ನನ್ನು ಕೇಳಿದಳು: "ಅಪ್ಪ, ಅಮ್ಮನಿಗೆ ಇದೆಲ್ಲ ಇಷ್ಟ ಅಂತ ನಿನಗೆ ಗೊತ್ತಿತ್ತಾ?" ಆಕೆ ಅದೇ ಜಾರುಬಂಡೆಯ ಮೆಟ್ಟಿಲನ್ನು ಮತ್ತೆ ನಾಲ್ಕು ಸಲ ಹತ್ತಿದಳು. ನಡುನಡುವೆ ಕಪಾಟಿನ ಬಳಿ ಹೋಗಿ ಫೋನು ನೋಡಿಕೊಂಡು ಬರುತ್ತಿದ್ದಳು. ಮಧ್ಯಾಹ್ನ ಒಂದು ಚಿತ್ರ ಬಂತು. ಮಗ ಹೊದಿಕೆಯ ಮೇಲೆ ನಿದ್ದೆಹೋಗಿದ್ದಾನೆ. ಚಿತ್ರದ ಅಂಚಿನಲ್ಲಿ ಅಮ್ಮನ ಕಾಲು, ಅದರ ಪಕ್ಕದಲ್ಲಿ ಆಯಾಳ ಕಾಲು. ಇಬ್ಬರೂ ಕಾಲು ನೀಡಿಕೊಂಡು ಕುಳಿತಿದ್ದಾರೆ. ಕಾವಲು ಸಡಿಲವಾದಂತೆ ಕಾಣುತ್ತದೆ ಎಂದೆ ನಾನು.

ಸಡಿಲವಾದದ್ದಷ್ಟೇ ಅಲ್ಲ, ಐದು ಗಂಟೆಗಳಲ್ಲಿ ಅಮ್ಮ ಆಕೆಯ ವಂಶವೃಕ್ಷವನ್ನೇ ತಿಳಿದುಕೊಂಡಿದ್ದರು. ರಾತ್ರಿ ಮಕ್ಕಳು ಮಲಗಿದ ಮೇಲೆ ಹೊರಗಿನ ಜಗಲಿಯಲ್ಲಿ ಕುಳಿತು ನಮಗೆ ಒಪ್ಪಿಸಿದರು.

"ಯಾವೂರವ್ವ ನಿಂದು ಅಂತ ಕೇಳಿದೆ. ಹುಣಸೂರು ತಾವ ಕಣವ್ವ ಅಂದಳು. ನೋಡಿದರೆ ನಮ್ಮ ಬಿಳಿಕೆರೆ ಹೋಬಳಿಯವಳೇ. ಬೆಳಗ್ಗೆ ಆರಕ್ಕೆ ಮನೆ ಬಿಡ್ತಾಳಂತೆ, ಎರಡು ಬಸ್ಸು. ಮಕ್ಕಳಿದಾವಾ ಅಂದೆ. ಒಂದು ಹೆಣ್ಣು ಕೂಸು ಅದೆ ಅವ್ವಾ, ಒಂದೂವರೆ ವರ್ಷ ಅಂದಳು. ಹಂಗಾರೆ ಅದನ್ನ ಯಾರು ನೋಡ್ಕೋತಾರೆ ಅಂದೆ."

ಅಮ್ಮ ಸ್ವಲ್ಪ ತಡೆದರು.

"ಅವಳ ಅತ್ತೆ. ಆ ಅತ್ತೇನೂ ಮನೇಲಿ ಕೂತಿರೋಳಲ್ಲ. ಈಗ ಹೊಗೆಸೊಪ್ಪಿನ ಕಾಲ ಅಲ್ಲವಾ, ಬ್ಯಾರನ್ ತಾವ ಸೊಪ್ಪು ಕಟ್ಟೋಕೆ ಹೋಗ್ತಾಳೆ. ಕೂಸನ್ನ ಜೊತೇಲೇ ಎತ್ಕೊಂಡು ಹೋಗಿ ಮರಕ್ಕೆ ಜೋಲಿ ಕಟ್ತಾಳಂತೆ. ಹಾಲು ಬಿಡಿಸಿ ಎರಡು ತಿಂಗಳಾಯ್ತು, ಇಲ್ಲಿಗೆ ಸೇರಬೇಕಾಗಿತ್ತಲ್ಲ ಅಂದಳು."

ನಾವು ಬಿಳಿಕೆರೆಯಿಂದ ಬರುವ ದಾರಿಯಲ್ಲಿ ನೋಡಿದ ಜೋಲಿಗಳಲ್ಲಿ ಅದೂ ಒಂದಾಗಿರಬಹುದು. ಇರಲಿಕ್ಕಿಲ್ಲ, ಆ ದಾರಿಯಲ್ಲಿ ಜೋಲಿಗಳು ಬಹಳ. ನನ್ನ ಹೆಂಡತಿ ಲೆಕ್ಕದವಳು. ದಿನದ ಚೀಟಿಯನ್ನು ಬಿಡಿಸಿ ನೋಡಿದಳು. ಐದು ಗಂಟೆಗೆ 1250 ರೂಪಾಯಿ. ಆಯಾ ಅಮ್ಮನಿಗೆ ಹೇಳಿದ್ದ ತಿಂಗಳ ಸಂಬಳವನ್ನು ದಿನಕ್ಕೆ ಭಾಗಿಸಿದರೆ ಅದು ಎರಡು ದಿನದ ಸಂಬಳವನ್ನು ಮೀರುತ್ತಿತ್ತು. "ಅವಳಿಗೆ ಇಲ್ಲಿಯ ಆಟದ ಕೋಣೆಯಲ್ಲಿ ತನ್ನ ಮಗೂನ ಬಿಡೋಕೆ ಆಗೋಲ್ಲವಾ?" ಎಂದು ಕೇಳಿದಳು. ಬಿಡುವಂತಿಲ್ಲವಂತೆ, ಆ ಕೋಣೆ ಬಂದು ಇಳಿದುಕೊಂಡವರಿಗೆ ಮಾತ್ರ.

ಕಾನೂನುಗಳು ಇಲ್ಲವೆಂದಲ್ಲ. 1948ರ ಕಾರ್ಖಾನೆ ಕಾಯಿದೆಯೇ ಹೆಂಗಸರು ದುಡಿಯುವ ಕಾರ್ಖಾನೆಗಳಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೋಣೆ ಇರಬೇಕೆಂದು ಹೇಳಿತು. 1951ರ ತೋಟಗಾರಿಕಾ ಕಾರ್ಮಿಕರ ಕಾಯಿದೆ ಕೊಡಗಿನ ಕಾಫಿ ತೋಟಗಳಂಥ ಕಡೆಗೂ ಅದನ್ನು ತಂದಿತು. ಹೆರಿಗೆ ಸೌಲಭ್ಯದ ಕಾಯಿದೆಗೆ 2017ರಲ್ಲಿ ಮಾಡಿದ ತಿದ್ದುಪಡಿ, ಐವತ್ತು ಅಥವಾ ಹೆಚ್ಚು ಮಂದಿ ಕೆಲಸಗಾರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರವನ್ನು ಒದಗಿಸಬೇಕೆಂದೂ, ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ಹೋಗಿ ನೋಡಬಹುದೆಂದೂ ವಿಧಿಸಿತು. ನನ್ನ ಹೆಂಡತಿಗೆ ಇದೆಲ್ಲ ಗೊತ್ತಿತ್ತು. ನಾವು ಇಳಿದಿದ್ದ ವಸತಿಧಾಮದಲ್ಲಿ ಮೂವತ್ತೆರಡು ಮಂದಿ ಕೆಲಸಕ್ಕಿದ್ದರು. ಬ್ಯಾರನ್ನಿನ ನೆರಳಿನಲ್ಲಿ ಸೊಪ್ಪು ಕಟ್ಟುವವರು ಆರೋ ಎಂಟೋ. ಸಂಖ್ಯೆಯ ಹೊಸಲಿನಿಂದ ಈಚೆಗೇ ಉಳಿದವರು ಇವರು.

ಇನ್ನು ಅಂಗನವಾಡಿ. ಈ ಜಿಲ್ಲೆಯವರು ಹೆಮ್ಮೆಪಡಬೇಕಾದ ಒಂದು ಸಂಗತಿಯುಂಟು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಮೊದಲಾದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ನಮ್ಮ ರಾಜ್ಯದ ಅಂಗನವಾಡಿಗಳೆಲ್ಲಕ್ಕೂ ಅದು ತವರು. ಆದರೆ ಅಂಗನವಾಡಿಯ ಚಾಪೆಯ ಮೇಲೆ ಹಾಡು ಕಲಿಯಲು ಕೂಡುವುದು ಮೂರರಿಂದ ಆರು ವರ್ಷದವರು. ಒಂದೂವರೆ ವರ್ಷದ ಕೂಸಿಗೆ ಆಹಾರದ ಪೊಟ್ಟಣ ಮನೆಗೆ ಬರುತ್ತದೆ. ಕೂಸು ಮನೆಯಲ್ಲಿಯೇ ಇರಬೇಕು. ಆ ಕೊರತೆಯನ್ನು ತುಂಬಲೆಂದೇ ರಾಜ್ಯ ಸರ್ಕಾರ 2023ರಲ್ಲಿ 'ಕೂಸಿನ ಮನೆ' ಎಂಬ ಯೋಜನೆಯನ್ನು ಘೋಷಿಸಿತು. 4,000 ಗ್ರಾಮ ಪಂಚಾಯಿತಿಗಳಲ್ಲಿ, ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುತ್ತಿದ್ದ ತಾಯಂದಿರ ಎಳೆಯ ಮಕ್ಕಳಿಗಾಗಿ ಎಂದು ಅದರ ಉದ್ದೇಶ. ಹೆಸರಿಟ್ಟವರು ಯಾರೋ ಒಳ್ಳೆಯ ಕನ್ನಡ ಬಲ್ಲವರು. 'ವಿನೋದೋದ್ಯಾನ'ವನ್ನು ಅವರ ಕೈಗೇ ಕೊಡಬೇಕಾಗಿತ್ತು. ಆಯಾಳ ಹಳ್ಳಿಯಲ್ಲಿ ಅಂಥದು ಇಲ್ಲವಂತೆ. ಇದ್ದರೂ ಬೆಳಗಿನ ಆರಕ್ಕೆ ಅದರ ಬಾಗಿಲು ತೆರೆದಿರುತ್ತಿತ್ತೆಂದು ನನಗೆ ತೋರುವುದಿಲ್ಲ.

ದೆಹಲಿಯ ಒಂದು ಕಥೆ ಇಲ್ಲಿ ನೆನಪಾಗುತ್ತದೆ. 1969ರಲ್ಲಿ ಗಾಂಧೀಜಿಯ ಜನ್ಮಶತಾಬ್ದಿಗೆಂದು ರಾಜಘಾಟಿನ ಬಳಿ ದೊಡ್ಡ ಪ್ರದರ್ಶನವೊಂದರ ಕಟ್ಟಡಗಳು ಏಳುತ್ತಿದ್ದವು. ಕಲ್ಲು ಹೊರುವ ಹೆಂಗಸರ ಮಕ್ಕಳು ಬಿಸಿಲಿನಲ್ಲಿ, ಧೂಳಿನಲ್ಲಿ ಬಿದ್ದಿದ್ದನ್ನು ಮೀರಾ ಮಹಾದೇವನ್ ಎಂಬಾಕೆ ಕಂಡರು. ಕೆಲಸ ನಡೆಯುವಲ್ಲಿಯೇ ಒಂದು ಗುಡಾರ ಹಾಕಿಸಿ ಆ ಮಕ್ಕಳಿಗೆ ನೆಲೆ ಮಾಡಿದರು. 'ಮೊಬೈಲ್ ಕ್ರೆಷಸ್' ಎಂಬ ಸಂಸ್ಥೆ ಹುಟ್ಟಿದ್ದು ಹೀಗೆ. ಕಟ್ಟುವವರು ಮುಂದಿನ ಕಟ್ಟಡಕ್ಕೆ ಹೋದರೆ ಶಿಶುಮನೆಯೂ ಅವರ ಹಿಂದೆ ಹೋಗುತ್ತಿತ್ತು. ಷಿಕಾಗೋದ ಪ್ರದರ್ಶನದಲ್ಲಿ ನೋಡಲು ಬಂದವರ ಮಕ್ಕಳಿಗೆ ಮನೆ ಕಟ್ಟಿದರು. ದೆಹಲಿಯಲ್ಲಿ ಈಕೆ ಕಟ್ಟಲು ಬಂದವರ ಮಕ್ಕಳಿಗೆ.

ಇದನ್ನೆಲ್ಲ ನಾನು ಜಗಲಿಯ ಮೇಲೆ ಕುಳಿತು ವಿಸ್ತಾರವಾಗಿ ವಿವರಿಸಿದೆ. ಪಾಠ ಹೇಳುವವರಿಗೆ ಇದೊಂದು ರೋಗ. ಅಮ್ಮ ಕೇಳಿ, "ಅದೆಲ್ಲ ಸರಿ, ಇಲ್ಲಿ ಯಾರನ್ನ ಕೇಳಬೇಕು?" ಎಂದರು.

ಹೆಂಡತಿ ಆ ರಾತ್ರಿ ಮತ್ತೊಂದು ಮಾತು ಹೇಳಿದಳು. ನಾಳೆ ಆಯಾಳನ್ನು ಕರೆಯುವುದು ಬೇಡವೆಂದು ಒಂದು ಕ್ಷಣ ತನಗೂ ಅನ್ನಿಸಿತಂತೆ. ಆದರೆ ಕರೆಯದಿದ್ದರೆ ಆಕೆಯ ಕೂಸು ತಾಯಿಯ ಮಡಿಲಿಗೇನೂ ಬರುವುದಿಲ್ಲ. ಆಕೆಯನ್ನು ಬೇರೆ ಕೋಣೆಗೆ ಕಳುಹಿಸುತ್ತಾರೆ, ಇಲ್ಲವೇ ಈಜುಕೊಳದ ಬದಿ ಗುಡಿಸಲು ಹಚ್ಚುತ್ತಾರೆ. "ನಾನು ಬೆಂಚಿನ ಮೇಲೆ ಕೂತರೆ ಅವಳಿಗೆ ಲಾಭವಿಲ್ಲ" ಎಂದಳು. ಇದಕ್ಕೆ ಅಮ್ಮನ ಸಮ್ಮತಿ ದೊರೆತದ್ದೇ ನನಗೆ ಆಶ್ಚರ್ಯ. ಎರಡು ದಿನದ ಹಿಂದೆ 'ಕೂಲಿಯವರು' ಎಂದವರು ಈಗ "ಆ ಹುಡುಗಿ ಕೈ ಒಳ್ಳೇದು. ಮಗೂಗೆ ಅನ್ನ ಉಣ್ಣಿಸೋ ರೀತಿ ನೋಡಬೇಕು, ಒಂದು ಅಗುಳು ಚೆಲ್ಲಲಿಲ್ಲ" ಎಂದರು.

ಹೊರಡುವ ದಿನ ಬೆಳಗ್ಗೆ ಎರಡು ಗಂಟೆ ಆಯಾ ಮತ್ತೆ ಬಂದಳು. ನಾವು ಗಂಟುಮೂಟೆ ಕಟ್ಟುತ್ತಿದ್ದೆವು. ನನ್ನ ಹೆಂಡತಿ ಒಂದು ಲಕೋಟೆ ಕೊಟ್ಟಾಗ ಆಕೆ ತೆಗೆದುಕೊಂಡಳು. ಮಗಳಿಗೆ ಚಿಕ್ಕದಾದ ಎರಡು ಒಳ್ಳೆಯ ಅಂಗಿಗಳನ್ನು ಕೊಟ್ಟಾಗ ಬಿಡಿಸಿ, ಮಡಿಲ ಮೇಲೆ ಹರವಿ, ತೋಳಿನ ಅಳತೆ ನೋಡಿ, "ಬರೋ ದಸರಾಕ್ಕೆ ಆಯ್ತದೆ ಅಕ್ಕಾ" ಎಂದಳು. ನಮ್ಮ ಮಗ ಹೋಗಲೊಲ್ಲೆನೆಂದು ರಂಪ ಮಾಡಿದ. ಗಿರಿಗಿಟ್ಟಲೆ ಒಣಗಿ ಸುರುಟಿಕೊಂಡಿತ್ತು; ಹೊಸದೊಂದು ಮಾಡಿಕೊಟ್ಟ ಮೇಲೆ ಕಾರು ಹತ್ತಿದ.

ಲೆಕ್ಕ ತೀರಿಸುವ ಮೇಜಿನ ಬಳಿ ನಾನು ಹಣ ಕೊಡುತ್ತಿರುವಾಗ ಅಮ್ಮ ಕೋಲೂರಿಕೊಂಡು ಬಂದು ಮ್ಯಾನೇಜರನ ಎದುರಿಗೆ ನಿಂತರು.

"ಏನಪ್ಪ, ನಿಮ್ಮ ಆಟದ ಕೋಣೇಲಿ ನಿನ್ನೆ ಎಷ್ಟು ಮಕ್ಕಳಿದ್ದವು?"

"ಮೂರು ಇದ್ದವು ಅಮ್ಮ."

"ಎಷ್ಟು ಹಿಡಿಯುತ್ತೆ?"

"ಹತ್ತು ಹನ್ನೆರಡು ಹಿಡಿಯುತ್ತೆ."

"ಹಂಗಾದರೆ ಇಲ್ಲಿ ಕೆಲಸಕ್ಕೆ ಬರೋ ಹೆಂಗಸರ ಮಕ್ಕಳನ್ನ ಅಲ್ಲಿ ಕೂರಿಸೋಕೆ ಏನು ಕಷ್ಟ?"

ಹುಡುಗ ನನ್ನ ಮುಖ ನೋಡಿದ. ನಾನು ಚೀಟಿ ಓದುತ್ತಿದ್ದೆ. ಇಂಥದನ್ನು ಯಾರೂ ಇದುವರೆಗೆ ಕೇಳಿಲ್ಲವೆಂದೂ, ತನ್ನ ಕೈಯಲ್ಲಿಲ್ಲವೆಂದೂ, ಮಾಲೀಕರು ಮೈಸೂರಿನಲ್ಲಿದ್ದಾರೆ, ಸೋಮವಾರ ಬರುತ್ತಾರೆ, ಹೇಳಿ ನೋಡುತ್ತೇನೆಂದೂ ಅವನು ವಿನಯದಿಂದ ಹೇಳಿದ. ಅಮ್ಮ ಅಲ್ಲಿಂದ ಕದಲಲಿಲ್ಲ.

"ಸೋಮವಾರದ ಹೊತ್ತಿಗೆ ಮರೆತುಬಿಡ್ತೀಯ. ಬರೆದುಕೋ."

ಅವನು ಮೇಜಿನ ಮೇಲಿನ ಪುಸ್ತಕವನ್ನು ತೆರೆದು, ಕೋಣೆಗಳ ಲೆಕ್ಕದ ಕೆಳಗೆ ಒಂದು ಸಾಲು ಬರೆದುಕೊಂಡ. ಏನು ಬರೆದನೆಂದು ಓದಿ ಹೇಳಿಸಿಕೊಂಡ ಮೇಲೆಯೇ ಅಮ್ಮ ಕಾರಿನ ಕಡೆಗೆ ನಡೆದದ್ದು.